ಲೋಕಲ್ ರೈಲಿನಲ್ಲಿ ನಮ್ಮ ಮೇಲೆ ಕಣ್ಣಿಟ್ಟಿರೋರು ಯಾರು? ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಿನ ರೈಲಿಗೆ ಸಾಗರದಿಂದ ಶಿವಮೊಗ್ಗಕ್ಕೆ ಹೋಗೋದು, ಸಂಜೆ ರೈಲಿಗೆ ವಾಪಸ್ ಬರೋದು. ಹನ್ನೊಂದು ವರ್ಷ ನನ್ನ ಬದುಕು ಹೀಗೇ ನಡೆಯಿತು. ಈಗ ಆ ಓಡಾಟ ಇಲ್ಲ. ಆದರೆ ಪಕ್ಕದ ಮನೆಯವರು, ನೆಂಟರು, ಮಕ್ಕಳನ್ನು ಕಾಲೇಜಿಗೆ ರೈಲಿನಲ್ಲಿ ಕಳಿಸುವ ತಾಯಂದಿರು ಬಂದು ಕೇಳುತ್ತಲೇ ಇರುತ್ತಾರೆ. ರೈಲಿನಲ್ಲಿ ಯಾರಿರ್ತಾರೆ? ಏನಾದರೂ ಆದರೆ ಯಾರನ್ನು ಕರೆಯೋದು? ಹಾಗೆ ಕೇಳಿದ್ದಕ್ಕೆಲ್ಲ ಇಲ್ಲಿ ಉತ್ತರ ಬರೆದಿದ್ದೇನೆ.

ಶಿವಮೊಗ್ಗದಲ್ಲಿ ಲೋಕಲ್ ರೈಲೇ ಇಲ್ಲವಲ್ಲ, ಈ ವಿಷಯ ನಮಗೆ ಯಾಕೆ?

ಮುಂಬೈಯಲ್ಲಿ ಇರುವಂಥ ಲೋಕಲ್ ಇಲ್ಲಿ ಇಲ್ಲ, ನಿಜ. ಆದರೆ ತಾಳಗುಪ್ಪ, ಸಾಗರ, ಆನಂದಪುರ, ಕುಂಸಿ, ಶಿವಮೊಗ್ಗ, ಭದ್ರಾವತಿ, ತರೀಕೆರೆ, ಬೀರೂರು ಅಂತ ದಿನಾ ಹತ್ತಿ ಇಳಿಯುವವರಿಗೆ ಇದೇ ಲೋಕಲ್ ಅಲ್ವಾ? ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಅವತ್ತಿನಿಂದಲೂ ಕೆಲಸಕ್ಕೆ, ಓದಿಗೆ, ಆಸ್ಪತ್ರೆಗೆ ಅಂತ ಜನ ಇದನ್ನೇ ನಂಬಿದ್ದಾರೆ.

ಇನ್ನೊಂದು ಕಾರಣವೂ ಇದೆ. ಬೆಂಗಳೂರಿನಲ್ಲಿ ಉಪನಗರ ರೈಲು ಬರುತ್ತಿದೆ. ಒಟ್ಟು 148 ಕಿಲೋಮೀಟರ್, ನಾಲ್ಕು ಮಾರ್ಗ. 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ಆಯಿತು. ಅದರಲ್ಲಿ 'ಮಲ್ಲಿಗೆ' ಅನ್ನುವ ಮಾರ್ಗ ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರದವರೆಗೆ. ಶಿವಮೊಗ್ಗದಿಂದ ತುಮಕೂರು ದಾಟಿ ಬೆಂಗಳೂರು ಸೇರುವ ನಮ್ಮ ರೈಲುಗಳು ಹಾದುಹೋಗುವುದೂ ಇದೇ ಚಿಕ್ಕಬಾಣಾವರದ ಮೇಲೆ. ನಾಳೆ ಆ ಲೋಕಲ್ ಹತ್ತುವವರಲ್ಲಿ ನಮ್ಮೂರಿನಿಂದ ಕೆಲಸಕ್ಕೆ ಹೋದ ಮಕ್ಕಳೂ ಇರುತ್ತಾರೆ. ಆ ರೈಲಿನಲ್ಲಿ, ಅಲ್ಲಿನ ಪ್ಲಾಟ್‌ಫಾರ್ಮ್‌ನಲ್ಲಿ ಎಷ್ಟು ಜನ ಸಿಬ್ಬಂದಿ ಇರಬೇಕು ಅನ್ನೋದು ನಮಗೂ ಸೇರಿದ ಮಾತು.

ಒಂದು ಪ್ಯಾಸೆಂಜರ್ ರೈಲಿನಲ್ಲಿ ಸಿಬ್ಬಂದಿ ಅಂತ ಎಷ್ಟು ಜನ ಇರ್ತಾರೆ?

ಗ್ಯಾರಂಟಿಯಾಗಿ ಇರೋದು ಮೂವರು. ಎಂಜಿನ್‌ನಲ್ಲಿ ಲೋಕೋ ಪೈಲಟ್, ಅವರ ಪಕ್ಕ ಸಹಾಯಕ ಲೋಕೋ ಪೈಲಟ್. ಕೊನೆಯ ಬೋಗಿಯಲ್ಲಿ ಗಾರ್ಡ್. 2022ರಿಂದ ಗಾರ್ಡ್ ಹುದ್ದೆಗೆ 'ಟ್ರೈನ್ ಮ್ಯಾನೇಜರ್' ಅಂತ ಹೆಸರು ಬಂದಿದೆ. ನಮ್ಮ ಬಾಯಲ್ಲಿ ಮಾತ್ರ ಇನ್ನೂ ಗಾರ್ಡೇ.

ಟಿಸಿ ಇರುವುದು ಬಹುಮಟ್ಟಿಗೆ ರಿಸರ್ವೇಶನ್ ಬೋಗಿಗಳಿಗೆ. ಜನರಲ್ ಬೋಗಿಗೆ ಆಗೀಗ ತಪಾಸಣೆ ತಂಡ ಬಂದು ಹೋಗುತ್ತದೆ, ಅಷ್ಟೇ. ಕೆಲವು ರೈಲುಗಳಿಗೆ ರೈಲ್ವೆ ರಕ್ಷಣಾ ದಳದವರು ಅಥವಾ ರೈಲ್ವೆ ಪೊಲೀಸರು ಕಾವಲಿಗೆ ಬರುತ್ತಾರೆ. ಇವು ಎರಡೂ ಬೇರೆ ಬೇರೆ: ರಕ್ಷಣಾ ದಳ ಕೇಂದ್ರದ್ದು, ರೈಲ್ವೆ ಪೊಲೀಸರು ರಾಜ್ಯದವರು. ಕಳ್ಳತನ, ಹಲ್ಲೆ ಆದರೆ ಕೇಸು ದಾಖಲಿಸಿಕೊಂಡು ತನಿಖೆ ಮಾಡೋದು ರೈಲ್ವೆ ಪೊಲೀಸರು.

ರೈಲಿನ ಹೊರಗೆ ಇರುವವರನ್ನು ನಾವು ಲೆಕ್ಕಕ್ಕೇ ತಗೊಳ್ಳಲ್ಲ. ಸ್ಟೇಷನ್ ಮಾಸ್ಟರ್, ರೈಲಿಗೆ ಹಳಿ ಬದಲಿಸಿಕೊಡುವ ಪಾಯಿಂಟ್ಸ್‌ಮನ್, ಗೇಟ್‌ಮನ್, ದಿನಾ ಹಳಿ ಮೇಲೆ ನಡೆದು ಕೀಲು ನೋಡುವ ಕೀಮನ್. ಇವರಲ್ಲಿ ಒಬ್ಬರ ಕೆಲಸ ತಪ್ಪಿದರೂ ಒಳಗೆ ಕೂತ ನಮಗೆ ಗೊತ್ತಾಗೋದು ಕೊನೆಗೆ.

ಗಾರ್ಡ್ ಬಾವುಟ ತೋರಿಸೋದು ಬಿಟ್ಟು ಇನ್ನೇನು ಮಾಡ್ತಾರೆ?

ನನಗೆ ಅತಿ ಜಾಸ್ತಿ ಬಂದ ಪ್ರಶ್ನೆ ಇದೇ. ಒಂದು ಸಂಜೆಯ ವಿಷಯ ಹೇಳುತ್ತೇನೆ.

ಆಷಾಢದ ಮಳೆ. ಕತ್ತಲಾಗಿತ್ತು. ಒಂದು ಸಣ್ಣ ಸ್ಟೇಷನ್ನು, ಪ್ಲಾಟ್‌ಫಾರ್ಮ್ ಗಿಡ್ಡ. ನಮ್ಮ ಬೋಗಿ ಪ್ಲಾಟ್‌ಫಾರ್ಮ್‌ವರೆಗೆ ಬರದೆ ಹಿಂದೆಯೇ ಜಲ್ಲಿ ಮೇಲೆ ನಿಂತಿತ್ತು. ಒಬ್ಬರು ಅಜ್ಜಿ ಇಳಿಯಬೇಕಿತ್ತು. ತಲೆ ಮೇಲೆ ಕಂಬಳಿ ಕೊಪ್ಪೆ, ಕೈಯಲ್ಲಿ ಕಳಲೆ ತುಂಬಿದ ಬುಟ್ಟಿ. ಕೆಳಗಿನ ಮೆಟ್ಟಿಲಿಗೂ ನೆಲಕ್ಕೂ ಅವರ ಸೊಂಟದಷ್ಟು ಅಂತರ. ಕಬ್ಬಿಣದ ಮೆಟ್ಟಿಲ ಮೇಲೆ ನೀರು ಹರಿಯುತ್ತಿತ್ತು. ಅಜ್ಜಿ ಒಂದು ಕಾಲು ಇಳಿಸಿದರು, ಮತ್ತೆ ಮೇಲೆಳೆದುಕೊಂಡರು. ನಾನು ಬುಟ್ಟಿ ಹಿಡಿದುಕೊಂಡೆ. ಮುಂದೆ ಎಂಜಿನ್ ಸೀಟಿ ಹಾಕಿತು.

ಹಿಂದಿನ ಬೋಗಿಯಿಂದ ಒಂದು ಕೈದೀಪ ನಮ್ಮ ಕಡೆ ಬಂತು. ಗಾರ್ಡ್ ಕೆಳಗೆ ಇಳಿದು ಜಲ್ಲಿ ಮೇಲೆ ಓಡಿ ಬಂದಿದ್ದರು. "ಅಮ್ಮಾ, ನಿಧಾನ. ನೀವು ಇಳಿಯೋ ತನಕ ನಾನು ಹಸಿರು ತೋರ್ಸಲ್ಲ, ರೈಲು ಹೋಗಲ್ಲ" ಅಂದರು. ಅಜ್ಜಿ ಅವರ ಹೆಗಲು ಹಿಡಿದು ಇಳಿದರು. ಆಮೇಲೆ ಅವರು ವಾಪಸ್ ಹೋಗಿ ಹಸಿರು ದೀಪ ತೋರಿಸಿದರು. ಒಂದೂವರೆ ನಿಮಿಷದ ಕೆಲಸ.

ಗಾರ್ಡ್ ಇರೋದೇ ಇದಕ್ಕೆ. ಎಲ್ಲರೂ ಹತ್ತಿ ಇಳಿದಾಯಿತಾ ಅಂತ ರೈಲಿನ ಉದ್ದಕ್ಕೂ ನೋಡಿ, ಆಮೇಲೆ ಹೊರಡಲು ಸಂಜ್ಞೆ ಕೊಡಬೇಕು. ಮುಂದೆ ಇರುವ ಲೋಕೋ ಪೈಲಟ್‌ಗೆ ಮಳೆ, ತಿರುವು, ಕತ್ತಲೆಯಲ್ಲಿ ಹಿಂದಿನ ಬೋಗಿಯ ಬಾಗಿಲು ಕಾಣುವುದೇ ಇಲ್ಲ.

ಇನ್ನೂ ದೊಡ್ಡ ಕೆಲಸ ಇರೋದು ರೈಲು ದಾರಿ ಮಧ್ಯೆ ಅಪಘಾತವಾಗಿ ನಿಂತಾಗ. ಹಿಂದಿನಿಂದ ಇನ್ನೊಂದು ರೈಲು ಬಂದು ಗುದ್ದಬಾರದು. ಅದಕ್ಕೆ ಗಾರ್ಡ್ ಹಳಿ ಮೇಲೆ ಹಿಂದಕ್ಕೆ ನಡೆದು ಹೋಗಿ, 600 ಮೀಟರ್ ದೂರದಲ್ಲಿ ಒಂದು, 1200 ಮೀಟರ್ ದೂರದಲ್ಲಿ ಹತ್ತತ್ತು ಮೀಟರ್ ಅಂತರಕ್ಕೆ ಮೂರು ಡಿಟೋನೇಟರ್ ಇಡಬೇಕು. ಡಿಟೋನೇಟರ್ ಅಂದರೆ ಹಳಿ ಮೇಲೆ ಕಟ್ಟುವ ಪಟಾಕಿಯಂಥ ಬಿಲ್ಲೆ. ಎಂಜಿನ್ ಚಕ್ರ ಹತ್ತಿದರೆ ಢಮಾರ್ ಅನ್ನುತ್ತದೆ, ಲೋಕೋ ಪೈಲಟ್ ರೈಲು ನಿಲ್ಲಿಸುತ್ತಾರೆ. ಎಂಜಿನ್‌ನವರು ಮುಂದಿನ ಕಡೆ ನೋಡಿಕೊಳ್ಳುವಾಗ ಹಿಂದಿನ ಕಡೆಗೆ ಹೋಗೋಕೆ ಒಬ್ಬರು ಬೇಕು.

ಕೊನೆಯ ಬೋಗಿಯ ಹಿಂದೆ 'ಎಲ್‌ವಿ' (ಲಾಸ್ಟ್ ವೆಹಿಕಲ್, ಅಂದರೆ ಕೊನೆಯ ಬೋಗಿ) ಅಂತ ಬರೆದ ಹಳದಿ ಹಲಗೆ ನೋಡಿರ್ತೀರಿ. ರಾತ್ರಿ ಅಲ್ಲಿ ಕೆಂಪು ದೀಪ ಇರುತ್ತದೆ. ಸ್ಟೇಷನ್ ದಾಟುವಾಗ ಸಿಬ್ಬಂದಿ ಅದನ್ನು ನೋಡುತ್ತಾರೆ. ಅದು ಕಂಡರೆ ರೈಲು ಪೂರ್ತಿ ಬಂದಿದೆ, ದಾರಿಯಲ್ಲಿ ಬೋಗಿ ಕಳಚಿ ಉಳಿದಿಲ್ಲ ಅಂತ ಅರ್ಥ.

ಗಾರ್ಡ್ ಇಲ್ಲದೆ ರೈಲು ಓಡಿಸ್ತಾರಂತೆ, ಹೌದಾ?

ಬೇರೆ ಬೇರೆ ಕಡೆ ಬೇರೆ ಬೇರೆ ರೀತಿ. ಬ್ರಿಟನ್‌ನಲ್ಲಿ 1980ರ ದಶಕದಿಂದಲೇ ಕೆಲವು ಲೋಕಲ್ ರೈಲುಗಳು ಚಾಲಕರೊಬ್ಬರ ಮೇಲೆ ಓಡುತ್ತಿವೆ. ಬಾಗಿಲು ಮುಚ್ಚೋದು, ಪ್ಲಾಟ್‌ಫಾರ್ಮ್ ನೋಡೋದು ಎಲ್ಲ ಅವರದ್ದೇ, ಕ್ಯಾಮೆರಾ ಪರದೆಯ ಸಹಾಯದಿಂದ. 2016ರಲ್ಲಿ ಲಂಡನ್‌ನ ದಕ್ಷಿಣಕ್ಕೆ ಹೋಗುವ ರೈಲುಗಳಲ್ಲಿ ಗಾರ್ಡ್ ಕೆಲಸ ಬದಲಿಸಲು ಹೊರಟಾಗ ನೌಕರರ ಸಂಘ ಮುಷ್ಕರ ಹೂಡಿತು. ಆ ಜಗಳ ವರ್ಷಗಟ್ಟಲೆ ನಡೆಯಿತು. ಕ್ಯಾಮೆರಾ ಸಾಕು, ಸುರಕ್ಷಿತ ಅಂತ ಒಂದು ಕಡೆ. ತರಬೇತಾದ ಇನ್ನೊಬ್ಬರು ರೈಲಿನಲ್ಲಿ ಇರಲೇಬೇಕು ಅಂತ ಇನ್ನೊಂದು ಕಡೆ.

ನಮ್ಮ ದೇಶದಲ್ಲಿ ದೆಹಲಿ ಮೆಟ್ರೋದ ಒಂದು ಮಾರ್ಗದಲ್ಲಿ 2020ರ ಡಿಸೆಂಬರ್‌ನಿಂದ ಚಾಲಕರಿಲ್ಲದ ರೈಲು ಶುರುವಾಯಿತು. ಹಾಗಾದರೆ ನಮಗೆ ಯಾಕೆ ಬೇಕು ಗಾರ್ಡ್ ಅಂತ ಕೇಳುವವರಿದ್ದಾರೆ. ಮೆಟ್ರೋ ಹಳಿಗೆ ಸುತ್ತ ಬೇಲಿ ಇದೆ. ಬಾಗಿಲು ತಾನಾಗಿಯೇ ಮುಚ್ಚುತ್ತದೆ. ಪ್ಲಾಟ್‌ಫಾರ್ಮ್ ಬಾಗಿಲ ಮಟ್ಟಕ್ಕೇ ಇರುತ್ತದೆ. ಕಿಲೋಮೀಟರಿಗೊಂದು ಸ್ಟೇಷನ್, ಅಲ್ಲಿ ಸಿಬ್ಬಂದಿ. ನಮ್ಮ ರೈಲಿಗೆ ಬಾಗಿಲು ಸದಾ ತೆರೆದೇ ಇರುತ್ತದೆ, ಪ್ಲಾಟ್‌ಫಾರ್ಮ್ ಎಷ್ಟೋ ಕಡೆ ನೆಲಮಟ್ಟಕ್ಕೆ, ನಡುವೆ ಕಾಡು. ಎರಡನ್ನೂ ಒಂದೇ ತಕ್ಕಡಿಗೆ ಹಾಕೋದು ತಪ್ಪು. ಗೂಡ್ಸ್ ರೈಲಿನಲ್ಲಿ ಗಾರ್ಡ್ ಬದಲು ಕೊನೆ ಬೋಗಿಗೆ ಸಂಕೇತ ಕಳಿಸುವ ಪೆಟ್ಟಿಗೆ ಹಾಕುವ ಪ್ರಯೋಗ ನಮ್ಮ ರೈಲ್ವೆಯಲ್ಲೂ ಆಗಿದೆ. ಜನ ತುಂಬಿದ ರೈಲಿಗೆ ಅದು ಬರಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಹಾಗಂತ ಗಾರ್ಡ್ ಇದ್ದ ಮಾತ್ರಕ್ಕೆ ಆಯಿತು ಅಂತಲ್ಲ. 2011ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಹದಿನಾರು ವರ್ಷದ ಹುಡುಗಿಯೊಬ್ಬಳು ರೈಲಿಗೆ ಒರಗಿ ನಿಂತಿದ್ದಾಗಲೇ ಗಾರ್ಡ್ ಹೊರಡಲು ಸಂಜ್ಞೆ ಕೊಟ್ಟರು. ಅವಳು ಹಳಿಗೆ ಬಿದ್ದು ತೀರಿಕೊಂಡಳು. ಆ ಗಾರ್ಡ್‌ಗೆ ಐದು ವರ್ಷ ಜೈಲಾಯಿತು. ನೋಡೋದು ಅಂದರೆ ಕೊನೆಯ ಕ್ಷಣದವರೆಗೂ ನೋಡೋದು.

ಎಂಜಿನ್‌ನಲ್ಲಿ ಇಬ್ಬರು ಯಾಕೆ ಬೇಕು?

ಒಬ್ಬರು ಸಿಗ್ನಲ್ ನೋಡಿ ಜೋರಾಗಿ ಹೇಳುತ್ತಾರೆ. ಇನ್ನೊಬ್ಬರು ಅದನ್ನೇ ನೋಡಿ ತಿರುಗಿ ಹೇಳುತ್ತಾರೆ. ಪ್ರತಿ ಸಿಗ್ನಲ್‌ಗೂ ಹೀಗೇ. ನಿದ್ದೆ, ದಣಿವು, ಮಂಜು, ಯಾವುದು ಒಬ್ಬರ ಕಣ್ಣು ತಪ್ಪಿಸಿದರೂ ಇನ್ನೊಬ್ಬರು ಇರಲಿ ಅಂತ. ಮುಂಬೈ ಲೋಕಲ್‌ನಲ್ಲಿ ಮಾತ್ರ ಮುಂದೆ ಮೋಟರ್‌ಮನ್ ಒಬ್ಬರೇ, ಹಿಂದೆ ಗಾರ್ಡ್. ಇಬ್ಬರ ನಡುವೆ ಗಂಟೆಯ ಸಂಜ್ಞೆ.

ಸಿಬ್ಬಂದಿ ಕೊರತೆ ಆದರೆ ಇರುವವರ ಮೇಲೆ ಡ್ಯೂಟಿ ಬೀಳುತ್ತದೆ. 2024ರ ಜೂನ್ 17ರಂದು ಪಶ್ಚಿಮ ಬಂಗಾಳದಲ್ಲಿ ಕಾಂಚನಜುಂಗಾ ಎಕ್ಸ್‌ಪ್ರೆಸ್‌ಗೆ ಹಿಂದಿನಿಂದ ಗೂಡ್ಸ್ ರೈಲು ಗುದ್ದಿತು. ಸತ್ತವರಲ್ಲಿ ಎಕ್ಸ್‌ಪ್ರೆಸ್ ರೈಲಿನ ಗಾರ್ಡ್, ಗೂಡ್ಸ್‌ನ ಲೋಕೋ ಪೈಲಟ್ ಇಬ್ಬರೂ ಇದ್ದರು. ಆ ವರ್ಷ 5,696 ಸಹಾಯಕ ಲೋಕೋ ಪೈಲಟ್ ಹುದ್ದೆಗೆ ಅರ್ಜಿ ಕರೆದಿದ್ದರು. ಅದೇ ಜೂನ್ ತಿಂಗಳಲ್ಲಿ ಅದನ್ನು 18,799ಕ್ಕೆ ಏರಿಸಿದರು. ಕೊರತೆ ಎಷ್ಟಿತ್ತು ಅಂತ ಆ ಎರಡು ಸಂಖ್ಯೆಗಳೇ ಹೇಳುತ್ತವೆ. ಸಿಗ್ನಲ್ ದಾಟಿದರೆ ತಾನೇ ಬ್ರೇಕ್ ಹಾಕುವ 'ಕವಚ' ವ್ಯವಸ್ಥೆಯನ್ನು ಒಂದೊಂದೇ ಮಾರ್ಗಕ್ಕೆ ಹಾಕುತ್ತಿದ್ದಾರೆ. ಅದು ಬೇಕು. ಅದರ ಜೊತೆಗೆ ನಿದ್ದೆ ಮಾಡಿ ಎದ್ದು ಬಂದ ಮನುಷ್ಯರೂ ಬೇಕು.

ಮಗಳು ಒಬ್ಬಳೇ ರಾತ್ರಿ ರೈಲಿಗೆ ಬರ್ತಾಳೆ. ಏನು ಹೇಳಿಕೊಡಲಿ?

ಮೊದಲು, ಖಾಲಿ ಬೋಗಿ ಬೇಡ. 2011ರ ಫೆಬ್ರವರಿಯಲ್ಲಿ ಕೇರಳದ ಎರ್ನಾಕುಲಂ–ಶೋರನೂರು ಪ್ಯಾಸೆಂಜರ್‌ನ ಮಹಿಳಾ ಬೋಗಿಯಲ್ಲಿ ಒಂಟಿಯಾಗಿದ್ದ ಯುವತಿಯ ಮೇಲೆ ಹಲ್ಲೆಯಾಯಿತು. ಆಮೇಲೆ ಆಕೆ ಉಳಿಯಲಿಲ್ಲ. ಕೆಲಸ ಮುಗಿಸಿ ಊರಿಗೆ ಹೊರಟಿದ್ದ ಹುಡುಗಿ. 'ಮಹಿಳೆಯರಿಗೆ' ಅಂತ ಬೋರ್ಡ್ ಹಾಕಿದ ಬೋಗಿಯಲ್ಲಿ ಕಾವಲು ಇರಲಿಲ್ಲ. ಆ ಸುದ್ದಿ ಓದಿದ ದಿನ ನಮ್ಮ ಬೋಗಿಯ ಹೆಂಗಸರೆಲ್ಲ ಸುಮ್ಮನೆ ಕೂತಿದ್ದೆವು. ಅವತ್ತಿನಿಂದ ಯಾರೂ ಒಬ್ಬರನ್ನೇ ಬಿಟ್ಟು ಇಳಿಯುತ್ತಿರಲಿಲ್ಲ. ಬೋಗಿ ಖಾಲಿಯಾದರೆ ಉಳಿದವರನ್ನು ಪಕ್ಕದ ಬೋಗಿಗೆ ಕಳಿಸಿ ಇಳಿಯೋದು.

ಬೋರ್ಡ್‌ಗಿಂತ ಜನ ಮುಖ್ಯ. ಸಂಸಾರಸ್ಥರು ಕೂತ ಬೋಗಿ ನೋಡಿ ಹತ್ತಲಿ. ಇಲ್ಲದಿದ್ದರೆ ಗಾರ್ಡ್ ಬೋಗಿಗೆ ತಾಗಿದ ಬೋಗಿಗೆ ಹತ್ತಲಿ, ಸ್ಟೇಷನ್‌ನಲ್ಲಿ ನಿಂತಾಗ ಅವರನ್ನು ಕೂಗಿ ಕರೆಯಬಹುದು. ಒಂದು ಮಾತು ನೆನಪಿರಲಿ: ಓಡುವ ರೈಲಿನಲ್ಲಿ ಗಾರ್ಡ್ ಸಾಮಾನ್ಯವಾಗಿ ತಮ್ಮ ಬೋಗಿಯಿಂದ ಜನರಲ್ ಬೋಗಿಗೆ ನಡೆದು ಬರಲು ದಾರಿ ಇರೋದಿಲ್ಲ.

ಮಹಿಳೆಯರಿಗೆ ಮೀಸಲಾದ ಬೋಗಿಗೆ ಗಂಡಸರು ನುಗ್ಗೋದು ರೈಲ್ವೆ ಕಾಯ್ದೆಯಲ್ಲಿ ಅಪರಾಧ. ದೂರದ ರೈಲಿನಲ್ಲಿ ಒಬ್ಬರೇ ಹೋಗುವ ಹೆಂಗಸರನ್ನು ಹೊರಡುವ ಸ್ಟೇಷನ್‌ನಲ್ಲೇ ರಕ್ಷಣಾ ದಳದ ಮಹಿಳಾ ಸಿಬ್ಬಂದಿ ಮಾತಾಡಿಸುವ 'ಮೇರಿ ಸಹೇಲಿ' ಅನ್ನುವ ಏರ್ಪಾಡು 2020ರಿಂದ ಇದೆ. ಬಂದು ಮಾತಾಡಿಸಿದರೆ ಸೀಟ್ ನಂಬರ್ ಹೇಳಲು ಹಿಂಜರಿಯೋದು ಬೇಡ.

ತುಂಬಾ ಜನರಿಗೆ ಗೊತ್ತಿಲ್ಲದ ಇನ್ನೊಂದು ನಿಯಮ ಇದೆ. ಜೊತೆಗೆ ಗಂಡಸರಿಲ್ಲದ ಹೆಂಗಸನ್ನಾಗಲಿ ಮಗುವನ್ನಾಗಲಿ ಟಿಕೆಟ್ ಇಲ್ಲ ಅಂತ ಎಲ್ಲೆಂದರಲ್ಲಿ ಇಳಿಸುವ ಹಾಗಿಲ್ಲ. ಹತ್ತಿದ ಸ್ಟೇಷನ್, ಜಂಕ್ಷನ್, ರೈಲಿನ ಕೊನೆಯ ಸ್ಟೇಷನ್ ಅಥವಾ ಜಿಲ್ಲಾ ಕೇಂದ್ರದಲ್ಲಿ ಮಾತ್ರ ಇಳಿಸಬಹುದು, ಅದೂ ಹಗಲು ಹೊತ್ತಲ್ಲಿ. ನಮ್ಮ ದಾರಿಯಲ್ಲಿ ಅಂದರೆ ಬೀರೂರು, ಶಿವಮೊಗ್ಗ, ತಾಳಗುಪ್ಪದಂಥ ಕಡೆ. ನಡುರಾತ್ರಿ ಕಾಡಿನ ಸ್ಟೇಷನ್‌ನಲ್ಲಿ ಅಲ್ಲ.

ಸಹಾಯಕ್ಕೆ ಯಾವ ನಂಬರ್? ಕಾಡಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ?

139. ಮೊದಲು ರಕ್ಷಣಾ ದಳಕ್ಕೆ 182 ಅಂತ ಬೇರೆ ಇತ್ತು, 2021ರಲ್ಲಿ ಅದನ್ನೂ 139ಕ್ಕೇ ಸೇರಿಸಿದರು. ಕರೆ ಮಾಡಿ 1 ಒತ್ತಿದರೆ ಭದ್ರತೆ ಮತ್ತು ವೈದ್ಯಕೀಯ ಸಹಾಯ. ಸ್ಮಾರ್ಟ್‌ಫೋನೇ ಬೇಕು ಅಂತಿಲ್ಲ, ಬಟನ್ ಫೋನ್ ಸಾಕು. ಪೊಲೀಸರಿಗೆ 112 ಇದ್ದೇ ಇದೆ.

ಹತ್ತಿದ ತಕ್ಷಣ ಬಾಗಿಲ ಹತ್ತಿರ ಬರೆದಿರುವ ಬೋಗಿ ನಂಬರಿನ ಫೋಟೋ ತೆಗೆದಿಟ್ಟುಕೊಳ್ಳಿ. ಗಾಬರಿಯಲ್ಲಿ ಅದು ನೆನಪಾಗೋದಿಲ್ಲ. ಕರೆ ಮಾಡಿದಾಗ ರೈಲಿನ ಹೆಸರು, ಬೋಗಿ ನಂಬರ್, ಕೊನೆಗೆ ದಾಟಿದ ಸ್ಟೇಷನ್ ಹೇಳಿ. ಹಳಿ ಪಕ್ಕದ ಕಿಲೋಮೀಟರ್ ಕಲ್ಲು ಅಥವಾ ಕಂಬದ ಮೇಲಿನ ಸಂಖ್ಯೆ ಕಂಡರೆ ಇನ್ನೂ ಒಳ್ಳೆಯದು. ಮರಗಳ ನಡುವೆ ಸಿಗ್ನಲ್ ಬಂದು ಹೋಗಿ ಮಾಡುತ್ತದೆ. ಕರೆ ಸಿಗದಿದ್ದರೆ ಮನೆಯವರಿಗೆ ಮೆಸೇಜ್ ಹಾಕಿಡಿ, ಸಿಗ್ನಲ್ ಸಿಕ್ಕ ಕ್ಷಣ ಹೋಗುತ್ತದೆ, ಅವರು 139ಕ್ಕೆ ಕರೆ ಮಾಡಬಹುದು. ಮುಂದಿನ ಸ್ಟೇಷನ್ ಬಂದ ಕೂಡಲೇ ಸ್ಟೇಷನ್ ಮಾಸ್ಟರ್ ಹತ್ತಿರ ಹೋಗಿ. ಅವರ ಮೇಜಿನ ಮೇಲಿನ ಫೋನ್ ಮೊಬೈಲ್ ಟವರ್ ನಂಬಿಕೊಂಡಿಲ್ಲ.

ಚೈನ್ ಎಳೆಯಬಹುದಾ? ದಂಡ ಹಾಕ್ತಾರಲ್ಲ?

ಸುಮ್ಸುಮ್ನೆ ಎಳೆದರೆ ಒಂದು ವರ್ಷದವರೆಗೆ ಜೈಲು ಅಥವಾ 1000 ರೂಪಾಯಿವರೆಗೆ ದಂಡ ಅಥವಾ ಎರಡೂ. ನಿಜವಾದ ಕಾರಣ ಇದ್ದರೆ ತಪ್ಪಲ್ಲ. ಯಾರೋ ಬಿದ್ದರು, ಬೆಂಕಿ ಕಾಣಿಸಿತು, ಹಲ್ಲೆ ಆಗ್ತಿದೆ, ಆಗ ಎಳೆಯಲೇಬೇಕು. ಎಳೆದರೆ ಬ್ರೇಕ್ ಪೈಪಿನ ಗಾಳಿ ಹೊರಗೆ ಹೋಗಿ ಒತ್ತಡ ಇಳಿಯುತ್ತದೆ, ರೈಲು ನಿಲ್ಲುತ್ತದೆ. ಆಮೇಲೆ ಸಿಬ್ಬಂದಿ ಆ ಬೋಗಿ ಹುಡುಕಿ ಬಂದು, ಅದನ್ನು ಸರಿ ಮಾಡಿದ ಮೇಲೇ ಹೊರಡೋದು. ರೈಲು ಆಗಲೇ ಸ್ಟೇಷನ್ ಹತ್ತಿರ ಇದ್ದರೆ, ಕಾಯಿಲೆಯಂಥ ಸಂದರ್ಭಕ್ಕೆ ಅಲ್ಲೇ ನಿಲ್ಲಲು ಬಿಡೋದು ಮೇಲು. ಕಾಡಲ್ಲಿ ನಿಂತರೆ ಆಂಬುಲೆನ್ಸ್ ಬರೋ ದಾರಿಯೇ ಇರೋದಿಲ್ಲ.

ಬಾಗಿಲಲ್ಲಿ ನಿಂತು ಹೋಗೋ ಹುಡುಗರಿಗೆ ಏನು ಹೇಳೋದು?

ಮುಂಬ್ರಾದ ವಿಷಯ ಹೇಳಿ. 2025ರ ಜೂನ್ 9ರ ಬೆಳಿಗ್ಗೆ ಮುಂಬೈ ಹತ್ತಿರದ ಮುಂಬ್ರಾದ ತಿರುವಿನಲ್ಲಿ, ತುಂಬಿ ತುಳುಕುತ್ತಿದ್ದ ಲೋಕಲ್‌ಗಳ ಬಾಗಿಲಲ್ಲಿ ಜೋತುಬಿದ್ದಿದ್ದವರು ಕೆಳಗೆ ಬಿದ್ದರು. ಜೀವಗಳು ಹೋದವು. ಕೆಲಸಕ್ಕೆ ಹೊರಟ ಜನ ಅವರು, ಒಳಗೆ ಜಾಗ ಇರಲಿಲ್ಲ. ನಮ್ಮ ರೈಲಿನಲ್ಲಿ ಒಳಗೆ ಜಾಗ ಇದ್ದರೂ ಹುಡುಗರು ಬಾಗಿಲಿಗೆ ಬರುತ್ತಾರೆ, ಮಳೆ ನೋಡಲು, ಫೋಟೋಗೆ. ಒದ್ದೆ ಕಂಬಿ, ಒದ್ದೆ ಚಪ್ಪಲಿ. ಮೆಟ್ಟಿಲ ಮೇಲೆ ಪ್ರಯಾಣ ಮಾಡಿದರೆ ಮೂರು ತಿಂಗಳವರೆಗೆ ಜೈಲು ಅಥವಾ 500 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅಕ್ಕಪಕ್ಕದಲ್ಲಿ ಕೂತ ದೊಡ್ಡವರು "ಒಳಗೆ ಬಾರೋ ತಮ್ಮಾ" ಅಂದರೆ ಅದಕ್ಕಿಂತ ಬೇಗ ಕೆಲಸ ಆಗುತ್ತದೆ. ನಾನು ಎಷ್ಟೋ ಸಲ ಹೇಳಿದ್ದೇನೆ, ಬಂದಿದ್ದಾರೆ.

ರೈಲ್ವೆ ಗೇಟ್‌ಗಳಲ್ಲಿ ಈಗಲೂ ಜನ ಇರ್ತಾರಾ?

ಬ್ರಾಡ್‌ಗೇಜ್, ಅಂದರೆ ಅಗಲ ಹಳಿಯ ಮಾರ್ಗಗಳಲ್ಲಿ ಕಾವಲುಗಾರರಿಲ್ಲದ ಗೇಟ್‌ಗಳನ್ನು 2019ರ ಜನವರಿ ಹೊತ್ತಿಗೆ ಪೂರ್ತಿ ತೆಗೆದರು. ಸಿಗ್ನಲ್ ಜೊತೆ ಬೆಸೆದ ಗೇಟ್ ಆದರೆ, ಗೇಟ್ ಮುಚ್ಚದೆ ರೈಲಿಗೆ ಹಸಿರು ಸಿಗ್ನಲ್ ಬೀಳೋದಿಲ್ಲ. ಹಾಗೆ ಬೆಸೆಯದ ಗೇಟ್‌ನಲ್ಲಿ ಎಲ್ಲವೂ ಫೋನ್ ಮಾತಿನ ಮೇಲೆ, ಗೇಟ್‌ಮನ್ ಮೇಲೆ. "ಬೇಗ ತೆಗೀರಿ ಮಾರಾಯ್ರೆ" ಅಂತ ಅವರ ಮೇಲೆ ಒತ್ತಡ ಹಾಕಬೇಡಿ.

ಮಳೆಗಾಲದಲ್ಲಿ ಘಾಟಿಯ ರೈಲು ನಂಬಬಹುದಾ?

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿಲೋಮೀಟರ್ ಘಾಟಿ, 57 ಸುರಂಗ. 50 ಮೀಟರ್ ಹೋದರೆ ಒಂದು ಮೀಟರ್ ಏರುವ ಕಡಿದಾದ ದಾರಿ. ಅಲ್ಲಿ ರೈಲು 30 ಕಿಲೋಮೀಟರ್ ವೇಗದಲ್ಲೇ ಹೋಗೋದು. 2024ರ ಜುಲೈ ಕೊನೆಗೆ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿ, ಹತ್ತು ದಿನಕ್ಕೂ ಜಾಸ್ತಿ ಪ್ರಯಾಣಿಕರ ರೈಲು ನಿಂತಿತ್ತು.

ಮಳೆಗಾಲದ ರಾತ್ರಿ ಇಂಥ ಕಡೆ ಹಳಿ ಮೇಲೆ ಗಸ್ತು ಇರುತ್ತದೆ. ದೀಪ, ಡಿಟೋನೇಟರ್ ಇಟ್ಟುಕೊಂಡು, ಮಳೆಯಲ್ಲಿ, ಜಿಗಣೆ ಕಚ್ಚಿಸಿಕೊಂಡು ನಡೆಯುವವರು. ಗುಡ್ಡ ಜಾರುವ ಜಾಗಗಳಲ್ಲಿ ಕೂತೇ ಕಾಯುವವರೂ ಇದ್ದಾರೆ. ಬಂಡೆ ಬಿದ್ದರೆ, ನೀರು ಹಳಿ ಕೆಳಗೆ ನುಗ್ಗಿದರೆ ಮೊದಲು ನೋಡುವ ಕಣ್ಣು ಅವರದ್ದು. ನಾವು ಒಳಗೆ ಕಂಬಳಿ ಹೊದ್ದು ಮಲಗಿರುವಾಗ ಕಿಟಕಿ ಆಚೆ ಒಂದು ದೀಪ ಸರಿದು ಹೋದರೆ, ಅವರೇ. ಘಾಟಿಯಲ್ಲಿ ರೈಲು ತಡವಾದರೆ ಬೈಯಬೇಡಿ, ತಡವಾಗುವುದೇ ಅಲ್ಲಿ ಸುರಕ್ಷತೆ.

ರೈಲಿನಿಂದ ಬಿದ್ದು ಪೆಟ್ಟಾದರೆ, ಜೀವ ಹೋದರೆ ಪರಿಹಾರ ಇದೆಯಾ?

ಇದೆ. ರೈಲ್ವೆ ಕಾಯ್ದೆಯ 124ಎ ಕಲಮಿನ ಪ್ರಕಾರ ಸಾವಿಗೆ 8 ಲಕ್ಷ ರೂಪಾಯಿ, 2017ರ ಜನವರಿಯಿಂದ. ಗಾಯಕ್ಕೆ ಅದರ ತೀವ್ರತೆ ನೋಡಿ. ಹತ್ತುವಾಗ, ಇಳಿಯುವಾಗ ಬಿದ್ದರೂ ಅನ್ವಯಿಸುತ್ತದೆ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪ್ರಯಾಣಿಕರ ಅಜಾಗರೂಕತೆ ಅಂತ ಹೇಳಿ ಪರಿಹಾರ ನಿರಾಕರಿಸುವಂತಿಲ್ಲ. ಜೇಬಲ್ಲಿ ಟಿಕೆಟ್ ಸಿಗಲಿಲ್ಲ ಅನ್ನೋ ಒಂದೇ ಕಾರಣಕ್ಕೂ ಅರ್ಜಿ ತಳ್ಳಿಹಾಕುವ ಹಾಗಿಲ್ಲ. ಆತ್ಮಹತ್ಯೆ, ಕುಡಿದು ಬಿದ್ದದ್ದು, ತಾನೇ ಮಾಡಿದ ಅಪರಾಧ ಇದ್ದರೆ ಸಿಗೋದಿಲ್ಲ. ಅರ್ಜಿ ಹಾಕೋದು ರೈಲ್ವೆ ಕ್ಲೇಮ್ಸ್ ಟ್ರಿಬ್ಯುನಲ್‌ಗೆ, ಬೆಂಗಳೂರಿನಲ್ಲಿ ಅದರ ಪೀಠ ಇದೆ. ಒಂದು ವರ್ಷದೊಳಗೆ ಹಾಕಿ. ದುಃಖದಲ್ಲಿ ಆ ಒಂದು ವರ್ಷ ಕಳೆದೇ ಹೋಗುತ್ತದೆ, ಅದಕ್ಕೆ ಮನೆಯಲ್ಲಿ ಯಾರಾದರೂ ಒಬ್ಬರು ಜವಾಬ್ದಾರಿ ತಗೊಳ್ಳಬೇಕು. ಸ್ಟೇಷನ್ ಮಾಸ್ಟರ್ ಬರೆದ ವರದಿ, ಪೊಲೀಸ್ ದಾಖಲೆ, ಆಸ್ಪತ್ರೆ ಕಾಗದ ಜೋಪಾನ ಮಾಡಿ.

ಸ್ಟೇಷನ್‌ನಲ್ಲಿ ಲೈಟ್ ಇಲ್ಲ, ಪ್ಲಾಟ್‌ಫಾರ್ಮ್ ಗಿಡ್ಡ. ಯಾರಿಗೆ ಹೇಳೋದು?

ಸ್ಟೇಷನ್‌ನಲ್ಲಿ ದೂರು ಪುಸ್ತಕ ಇರುತ್ತದೆ, ಕೇಳಿ ಬರೆಯಿರಿ. 139ರಲ್ಲೂ, ರೈಲ್ ಮದದ್ ಆ್ಯಪ್‌ನಲ್ಲೂ ದೂರು ಹಾಕಬಹುದು. ದೂರಿಗೆ ನಂಬರ್ ಸಿಗುತ್ತದೆ, ಅದನ್ನು ಇಟ್ಟುಕೊಳ್ಳಿ. ಬರೆಯುವಾಗ 'ಸ್ಟೇಷನ್ ಸರಿ ಇಲ್ಲ' ಅಂತ ಬರೆಯಬೇಡಿ. ಎಷ್ಟನೇ ಕಂಬದ ಲೈಟು, ಯಾವ ದಿನದಿಂದ ಇಲ್ಲ, ಯಾವ ರೈಲಿನ ಯಾವ ಬೋಗಿ ಪ್ಲಾಟ್‌ಫಾರ್ಮ್ ಆಚೆ ನಿಲ್ಲುತ್ತದೆ, ಎಷ್ಟು ಜನ ಅಲ್ಲಿ ಇಳಿಯುತ್ತಾರೆ, ಇದೆಲ್ಲ ಇರಲಿ.

ಆ ಅಜ್ಜಿ ಇಳಿದ ಸ್ಟೇಷನ್‌ನಲ್ಲಿ ನಾವು ಹನ್ನೆರಡು ಜನ ಸಹಿ ಹಾಕಿ ಬರೆದೆವು. ಪ್ಲಾಟ್‌ಫಾರ್ಮ್ ಉದ್ದ ಆಗಲಿಲ್ಲ. ಕೊನೆಯ ಕಂಬಕ್ಕೆ ಲೈಟು ಬಂತು. ಆಮೇಲೆ ಅಲ್ಲಿ ಇಳಿಯುವವರು ಮುಂದಿನ ಬೋಗಿಗಳಲ್ಲೇ ಕೂರಲಿ ಅಂತ, ಹಿಂದಿನ ಸ್ಟೇಷನ್‌ನಲ್ಲಿ ಹತ್ತುವಾಗಲೇ ನಾವು ಒಬ್ಬರಿಗೊಬ್ಬರು ಹೇಳಿಕೊಳ್ಳಲು ಶುರುಮಾಡಿದೆವು. ಆ ಅಜ್ಜಿ ಮುಂದಿನ ಸಲ ಸಿಕ್ಕಿದಾಗ ಎಂಜಿನ್ ಕಡೆಯಿಂದ ಮೂರನೇ ಬೋಗಿಯಲ್ಲಿ, ಕಿಟಕಿ ಪಕ್ಕ ಕೂತಿದ್ದರು.